ಮಂಡಿ ನೋವಿಗೆ ಶಾಶ್ವತ ಪರಿಹಾರವಂತೆ!

ಬೆಳಗ್ಗೆ ಪೇಪರ್ ಬಿಡಿಸಿದರೆ ಒಳಗಿಂದ ಒಂದು ಹಳದಿ ಪಾಂಪ್ಲೆಟ್ ಜಾರಿ ಬಿತ್ತು. 'ಆಪರೇಷನ್ ಇಲ್ಲದೆ ಮಂಡಿ ಸವೆತಕ್ಕೆ ಶಾಶ್ವತ ಪರಿಹಾರ'. ಕೆಳಗೆ ಮೆಟ್ಟಿಲು ಹತ್ತುತ್ತಾ ನಗುವ ಒಬ್ಬ ಅಜ್ಜಿ. ಜನ್ಮದಲ್ಲಿ ಮಂಡಿ ನೋವು ಕಂಡಿಲ್ಲ ಅಂತ ಮುಖದಲ್ಲೇ ಬರೆದಿದೆ. ಆಸ್ಪತ್ರೆ ನಮ್ಮ ದಾವಣಗೆರೆಯದೇ, ಹೆಸರು ಬೇಡ ಬಿಡಿ.

ಹೋದ ವರ್ಷ ನಮ್ಮವ್ವನ ಸವೆದ ಮಂಡಿಗೆ, ನೋವು ಗೊತ್ತಾಗದಿರಲಿ ಅಂತ ನರ ಸುಡಿಸಿದ್ದೆ, ಆ ಕಥೆ ಇಲ್ಲೇ ಉದ್ದಕ್ಕೆ ಬರೆದು ಲೈಕ್ ತಗೊಂಡಿದ್ದೆ. ಇದೂ ಅದೇ ಚಿಕಿತ್ಸೆ. ನನ್ನ ಸಿಟ್ಟು ಆ 'ಶಾಶ್ವತ' ಅನ್ನೋ ಪದದ ಮೇಲೆ.

ಮಂಡಿ ಸುತ್ತ ನೋವಿನ ಸುದ್ದಿ ಒಯ್ಯುವ ಸಣ್ಣ ನರಗಳಿವೆ, ಜೆನಿಕ್ಯುಲರ್ ನರ ಅಂತಾರೆ. ಮೊದಲು ಅಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋವು ಇಳಿಯುತ್ತಾ ನೋಡುತ್ತಾರೆ. ಇಳಿದರೆ ಇನ್ನೊಂದು ದಿನ ಕರೆಸಿ, ಎಕ್ಸ್‌ರೇಯಲ್ಲಿ ಜಾಗ ನೋಡಿಕೊಂಡು ಸೂಜಿ ಇಟ್ಟು, ರೇಡಿಯೋ ಅಲೆಯಿಂದ ನರ ಬಿಸಿ ಮಾಡುತ್ತಾರೆ. ಅವ್ವನಿಗೆ ಮೂರು ಕಡೆ, ಒಂದೊಂದು ಕಡೆ 80 ಡಿಗ್ರಿ, 90 ಸೆಕೆಂಡು. ಸಾಯಂಕಾಲ ಮನೆಗೆ ಬಂದು 'ಚಾ ಇಡೇ' ಅಂದಳು. ಕಾಲು ಬಿದ್ದುಹೋಗುತ್ತೆ ಅಂತ ಹೆದರಿಸಿದ್ದ ಚಿಕ್ಕಪ್ಪನ ಎದುರಿಗೇ ನಡೆದು ತೋರಿಸಿದಳು. ಸುಡೋದು ನೋವಿನ ನರ, ಕಾಲು ಆಡಿಸುವ ನರ ಅಲ್ಲ.

ಆದರೆ ಸವೆದದ್ದು ಸವೆದೇ ಇರುತ್ತೆ ಸ್ವಾಮಿ! ಕಾಲಿಂಗ್ ಬೆಲ್ ವೈರ್ ಕತ್ತರಿಸಿದರೆ ಬಾಗಿಲಲ್ಲಿ ನಿಂತ ಸಾಲ ಕೊಟ್ಟವನು ಹೋಗಿಬಿಡ್ತಾನಾ? ಸುಟ್ಟ ನರ ಮತ್ತೆ ಚಿಗುರುತ್ತೆ. ಆರು ತಿಂಗಳಿಗೋ, ವರ್ಷಕ್ಕೋ, ನೋವು ವಾಪಸ್. ಕೆಲವರಿಗೆ ಗುಣವೇ ಕಾಣಲ್ಲ. ಬೇಕಾದರೆ ಮತ್ತೆ ಸುಡಿಸಬಹುದು, ಸರಿ, ಆದರೆ ಮತ್ತೆ ಸುಡಿಸಬೇಕಾದದ್ದು ಶಾಶ್ವತ ಹೇಗಾಗುತ್ತೆ?

ಅವ್ವನಿಗೆ ಹನ್ನೊಂದನೇ ತಿಂಗಳಿಗೆ ಶುರುವಾಯಿತು. ಒಂದು ವಾರ ಬಾಯಿ ಬಿಡಲಿಲ್ಲ. ಬಚ್ಚಲ ಗೋಡೆ ಹಿಡಿದು ಏಳುತ್ತಿದ್ದದ್ದನ್ನು ನಾನೇ ಕಂಡು ಕೇಳಿದರೆ, 'ದುಗ್ಗಮ್ಮನ ಗುಡಿಗೆ ನಡ್ಕೊಂಡು ಹೋಗಿದ್ದೆ, ನಂದೇ ತಪ್ಪು. ನಿನ್ ದುಡ್ಡು ಹಾಳಾತು' ಅಂದಳು.

ತಪ್ಪು ಅವಳದಲ್ಲ. ಡಾಕ್ಟರ್ ನನಗೆ 'ಸ್ವಲ್ಪ ಕಾಲ' ಅಂತ ಹೇಳಿದ್ದರು. ಅವಳಿಗೆ ನಾನು ಹೇಳಿದ್ದು 'ವಾಸಿಯಾಗುತ್ತೆ ಬಾರವ್ವ' ಅಂತ. ಪಾಂಪ್ಲೆಟ್ ಬರೆದವರಿಗೂ ನನಗೂ ಇರೋ ವ್ಯತ್ಯಾಸ ಇಷ್ಟೇ, ನಾನು ಪ್ರಿಂಟ್ ಹಾಕಿಸಲಿಲ್ಲ.

'ಪೂರ್ತಿ ಹೇಳಿದರೆ ಜನ ಬರೋದೇ ಇಲ್ಲ, ನೋವಿನ ಮಾತ್ರೆ ನುಂಗಿ ನುಂಗಿ ಕಿಡ್ನಿ ಹಾಳು ಮಾಡ್ಕೋತಾರೆ' ಅಂತ ಮೆಡಿಕಲ್ ಶಾಪ್ ಗೆಳೆಯನ ವಾದ. ಮಾತ್ರೆ ವಿಷಯ ನಿಜ. ಉಳಿದದ್ದು ಸುಮ್ನೆ ವ್ಯಾಪಾರದ ಮಾತು. ಹಾರ್ಟ್ ವೀಕ್ ಅಂತ ಮಂಡಿ ಬದಲಿಸೋಕೆ ಆಗದೇ ಕೂತಿರೋ ನಮ್ಮವ್ವನಂಥವರಿಗೆ ಒಂದು ವರ್ಷ ನೆಮ್ಮದಿಯಾಗಿ ನಡೆಯೋದು ಕಡಿಮೆನಾ? 'ಆರು ತಿಂಗಳೋ, ವರ್ಷವೋ' ಅಂತಲೇ ಬರೀರಿ, ಬರ್ತಾರೆ. ನೋವು ಕಡಿಮೆಯಿದ್ದಾಗಲೇ ತೊಡೆ ಗಟ್ಟಿ ಮಾಡೋ ವ್ಯಾಯಾಮ ಮಾಡಿ ಅಂತಲೂ ಒಂದು ಸಾಲು ಸೇರಿಸಿ. ಆ ಅಜ್ಜಿ ಫೋಟೋ ಸಣ್ಣದು ಮಾಡಿದರೆ ಜಾಗ ಸಿಗುತ್ತೆ.

ಫೋಟೋ ತೆಗೆದು ಇಲ್ಲಿ ಹಾಕೋಣ ಅಂತ ಸಂಜೆ ಆ ಹಾಳೆ ಹುಡುಕಿದೆ. ಅವ್ವ ಅದರ ಮೇಲೆ ಮಂಡಕ್ಕಿ ಸುರಿದುಕೊಂಡು ಮಿರ್ಚಿ ಕಡಿಯುತ್ತಾ ಕೂತಿದ್ದಳು, ನಗುವ ಅಜ್ಜಿಯ ಮುಖದ ತುಂಬಾ ಎಣ್ಣೆ. ಮತ್ತೆ ಸುಡಿಸೋಣ, ಆದರೆ ಒಂದು ವರ್ಷ ಅಷ್ಟೇ ಕಣವ್ವ ಅಂದೆ, ಈ ಸಲ ಪೂರ್ತಿ ಹೇಳಿ.

'ಮೊದ್ಲೇ ಹೇಳಿದ್ರೆ ಇನ್ನೂ ನಾಕು ಊರು ತಿರುಗಿ ಬರ್ತಿದ್ನಲ್ಲೇ' ಅಂದಳು.