ಗಡಿ ದಾಟುವ ರೈಲಿಗೆ ಒಂದೇ ಟಿಕೆಟ್ ಬೇಕು

ಯುರೋಪಿನಲ್ಲಿ ಪಕ್ಕದ ದೇಶಕ್ಕೆ ರೈಲಿನಲ್ಲಿ ಹೋಗುವುದು ತುಂಬಾ ಸಲೀಸು ಅಂತ ಊರಿನ ಗೆಳೆಯರು ಅಂದುಕೊಂಡಿದ್ದಾರೆ. ರೈಲೇನೋ ಸಲೀಸೇ. ತೊಂದರೆ ಇರುವುದು ಟಿಕೆಟ್‌ನಲ್ಲಿ.

ಜರ್ಮನಿಯ ಆಖೆನ್‌ನಿಂದ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ಮೂಲಕ ಬೆಲ್ಜಿಯಂನ ಲಿಯೇಜ್‌ಗೆ ಒಂದು ರೈಲಿದೆ. 2024ರಿಂದ ಲಿಯೇಜ್‌ವರೆಗೂ ಹೋಗುತ್ತಿದೆ. ಮೂರು ದೇಶಗಳ ರೈಲು ಎಂದೇ ಅದರ ಹೆಸರು. ನನಗೆ ತುಂಬಾ ಇಷ್ಟ. ಜರ್ಮನಿಯಲ್ಲಿ ಮೇಲಿನ ತಂತಿಯಲ್ಲಿ ಬರುವುದು 15,000 ವೋಲ್ಟ್ ಎಸಿ. ಗಡಿ ದಾಟಿದರೆ 1,500 ವೋಲ್ಟ್ ಡಿಸಿ. ಬೆಲ್ಜಿಯಂ ಕಡೆ 3,000 ವೋಲ್ಟ್ ಡಿಸಿ. ಸಿಗ್ನಲ್ ವ್ಯವಸ್ಥೆಯೂ ಬೇರೆ ಬೇರೆ. ಕರೆಂಟ್ ಬದಲಾಗುವ ಜಾಗದಲ್ಲಿ ತಂತಿಯ ಒಂದು ತುಂಡಿನಲ್ಲಿ ವಿದ್ಯುತ್ತೇ ಇರುವುದಿಲ್ಲ. ಅಷ್ಟು ದೂರ ರೈಲು ಬಂದ ವೇಗದಲ್ಲೇ ಉರುಳಿಕೊಂಡು ಹೋಗುತ್ತದೆ. ಒಳಗೆ ಕೂತವರಿಗೆ ಗೊತ್ತೂ ಆಗುವುದಿಲ್ಲ. ಇಂಜಿನಿಯರುಗಳು ಇಷ್ಟೆಲ್ಲ ಬಗೆಹರಿಸಿದ್ದಾರೆ. ಟಿಕೆಟ್ ಜೋಡಿಸುವುದು ಇದಕ್ಕಿಂತ ಕಷ್ಟವಾ?

ಒಮ್ಮೆ ನನ್ನ ಮೊದಲ ರೈಲು ತಡವಾಯಿತು, ಮುಂದಿನ ದೇಶದ ರೈಲು ತಪ್ಪಿತು. ಎರಡೂ ಬೇರೆ ಬೇರೆ ಕಂಪನಿಯ ಟಿಕೆಟ್. ಮೊದಲನೆಯವರು ತಡಕ್ಕೆ ಕ್ಷಮೆ ಕೇಳಿದರು. ಎರಡನೆಯವರು ಹೊಸ ಟಿಕೆಟ್ ತಗೊಳ್ಳಿ ಅಂದರು. ತಗೊಂಡೆ, ದುಪ್ಪಟ್ಟು ಕೊಟ್ಟು. ಬೆಂಗಳೂರಿನಿಂದ ಗುವಾಹಟಿಗೆ ಎಷ್ಟೋ ರಾಜ್ಯ ದಾಟಿ ಒಂದೇ ಟಿಕೆಟ್‌ನಲ್ಲಿ ಹೋಗುವವರು ನಾವು. ಒಂದು ದೇಶ, ಒಂದು ರೈಲ್ವೆ, ಅದಕ್ಕೇ ಅಲ್ಲಿ ಸುಲಭ, ಒಪ್ಪುತ್ತೇನೆ. ಆದರೆ ಇಷ್ಟೊಂದು ದೇಶಗಳು ಒಂದೇ ನೋಟು ಬಳಸಲು ಒಪ್ಪಿದ್ದವಲ್ಲ?

ಮ್ಯಾಡ್ರಿಡ್ ಮತ್ತು ಲಿಸ್ಬನ್ ನೋಡಿ. ಅಕ್ಕಪಕ್ಕದ ದೇಶಗಳ ರಾಜಧಾನಿಗಳು. ಹಳೆಯ ಹಳಿಗಳ ಅಗಲವೂ ಎರಡೂ ಕಡೆ ಒಂದೇ, 1,668 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್‌ಗಿಂತ ಬರೀ 8 ಮಿಲಿಮೀಟರ್ ಕಡಿಮೆ. ಆದರೂ 2020ರ ಮಾರ್ಚ್‌ನಲ್ಲಿ ಕೋವಿಡ್ ಅಂತ ನಿಂತ ರಾತ್ರಿ ರೈಲು, ಕೋವಿಡ್ ಮುಗಿದ ಮೇಲೂ ವಾಪಸ್ ಬರಲಿಲ್ಲ. ಹಾಗಾಗಿ ಜನ ವಿಮಾನ ಹತ್ತುತ್ತಾರೆ. ಅವರನ್ನು ಬೈದು ಏನು ಪ್ರಯೋಜನ?

ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್‌ನ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೆಯೆನ್ 2024ರ ಜುಲೈನಲ್ಲಿ ಒಂದು ಮಾತು ಕೊಟ್ಟರು. ಒಂದೇ ಕಡೆ ಒಂದೇ ಟಿಕೆಟ್, ಪೂರ್ತಿ ಪ್ರಯಾಣಕ್ಕೆ ಪ್ರಯಾಣಿಕರ ಹಕ್ಕು. ಇದು ಬರೀ ಮಾತಾಗಿ ಉಳಿಯಬಾರದು. ರೈಲು ತಡವಾದರೆ ಮುಂದಿನ ರೈಲಿಗೆ ಹತ್ತಿಸುವುದು ಕಂಪನಿಗಳ ಕೆಲಸ, ನಮ್ಮ ಜೇಬಿನದ್ದಲ್ಲ.

ಓದಲು ಇಲ್ಲಿಗೆ ಬರುವ ನಮ್ಮ ಹುಡುಗ ಹುಡುಗಿಯರೇ, ಸದ್ಯಕ್ಕೆ ಎರಡು ಮಾತು. ಬೇರೆ ಬೇರೆ ಟಿಕೆಟ್ ಇದ್ದರೆ ನಡುವೆ ಒಂದು ಗಂಟೆಯಾದರೂ ಬಿಡಿ, ದಿನದ ಕೊನೆಯ ರೈಲನ್ನು ನಂಬಬೇಡಿ. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಜೊತೆಗೇ ಇರಲಿ. ಷೆಂಗೆನ್ ಒಪ್ಪಂದದ ದೇಶಗಳ ನಡುವೆ ಗಡಿ ತಪಾಸಣೆ ಇಲ್ಲ ಅಂತ ಮನೆಯಲ್ಲಿ ಬಿಟ್ಟು ಬರಬೇಡಿ. ಜರ್ಮನಿ 2024ರ ಸೆಪ್ಟೆಂಬರ್‌ನಲ್ಲಿ ತಪಾಸಣೆಯನ್ನು ತನ್ನ ಎಲ್ಲ ನೆಲಗಡಿಗಳಿಗೂ ವಿಸ್ತರಿಸಿತು, ರೈಲಿನೊಳಗೂ ಪೊಲೀಸರು ಬಂದು ಕೇಳಬಹುದು.