ಬಾಯಿ ಬಿಡದಿದ್ದಾಗ ಬೇಕಾಗಿದ್ದ ಮುಖ

ಬರಹ ಉದ್ದ ಇದೆ. ಪುರುಸೊತ್ತಿದ್ದವರು ಓದಿ, ಇಲ್ಲದವರು ದಾಟಿಕೊಂಡು ಹೋಗಿ, ಬೇಜಾರಿಲ್ಲ.

ಹೋದ ತಿಂಗಳು ಒಂದು ರಾತ್ರಿ ಕೇಬಲ್ ಕೆಟ್ಟು ಅಮ್ಮನ ಧಾರಾವಾಹಿ ತಪ್ಪಿತು. ಮುಖ ಊದಿಸಿಕೊಂಡು ಕೂತಿದ್ದಳು. ಭಾಷೆ ಬೇಕಿಲ್ಲದ್ದು ಏನಾದರೂ ತೋರಿಸೋಣ ಅಂತ ಲ್ಯಾಪ್‌ಟಾಪಿನಲ್ಲಿ 1924ರ ‘ದಿ ಥೀಫ್ ಆಫ್ ಬಾಗ್ದಾದ್’ ಹಾಕಿದೆ. ಮೂಕಿ ಚಿತ್ರ, ಹಕ್ಕುಸ್ವಾಮ್ಯದ ಅವಧಿ ಮುಗಿದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಸುಮಾರು ಎರಡೂವರೆ ಗಂಟೆ. ನಾಯಕ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಬರಿಮೈಯಲ್ಲಿ ಗೋಡೆ ಹತ್ತಿ, ಹಗ್ಗ ಹತ್ತಿ, ರೆಕ್ಕೆಯ ಕುದುರೆ ಹತ್ತಿ ಅಷ್ಟೆಲ್ಲ ಹಾರಾಡಿದ್ದಕ್ಕೆ ಅಮ್ಮ ತುಟಿ ಬಿಚ್ಚಲಿಲ್ಲ. ಆಮೇಲೆ ಮಂಗೋಲರ ರಾಜಕುಮಾರ ತೆರೆಗೆ ಬಂದ. ಒಣಕಲು ಮೈ, ಗುಳಿ ಬಿದ್ದ ಕೆನ್ನೆ, ಇಳಿಬಿದ್ದ ಎಳೆ ಮೀಸೆ. ಕಣ್ಣು ಅರ್ಧ ಮುಚ್ಚಿ ಸುಮ್ಮನೆ ನೋಡಿದ, ಅಷ್ಟೇ.

“ಇವನು ಭಾರಿ ಖದೀಮ ಕಣೋ” ಅಂದಳು ಅಮ್ಮ. ಅಲ್ಲಿಂದ ಮುಂದೆ ಅವನು ಬಂದಾಗಲೆಲ್ಲ ನೆಟ್ಟಗೆ ಕೂರುತ್ತಿದ್ದಳು.

ಆ ಖದೀಮನ ಹೆಸರು ಸೋಜಿನ್ ಕಾಮಿಯಾಮಾ. 1884ರಲ್ಲಿ ಜಪಾನಿನ ಸೆಂದಾಯ್‌ನಲ್ಲಿ ಹುಟ್ಟಿದವನು. ಸಿನಿಮಾಕ್ಕೆ ಬರುವ ಮೊದಲು ಟೋಕಿಯೋದಲ್ಲಿ ನಾಟಕದವನು. ಅದೂ ಜಪಾನಿನ ಹಳೆಯ ಸಂಪ್ರದಾಯದ ಕಬುಕಿ ನಾಟಕದ ಪೈಕಿ ಅಲ್ಲ, ಆ ಕಾಲಕ್ಕೆ ಯುರೋಪಿನಿಂದ ಹೊಸದಾಗಿ ಬಂದಿದ್ದ ಮಾತಿನ ನಾಟಕ. ಹೆಂಡತಿ ಉರಾಜಿ ಯಾಮಾಕಾವಾ ಕೂಡ ನಟಿ. ಇಬ್ಬರೂ ಸೇರಿ 1912ರಲ್ಲಿ ತಮ್ಮದೇ ತಂಡ ಕಟ್ಟಿದರು, ನಾರ್ವೆಯ ಇಬ್ಸೆನ್‌ನ ನಾಟಕ ಆಡಿದರು, ಜರ್ಮನಿಯ ಗಯಟೆಯ ‘ಫೌಸ್ಟ್’ ಆಡಿದರು. ಕಾದಂಬರಿಕಾರ ತಾನಿಝಾಕಿ ಗೆಳೆಯ. ನಾಟಕದಿಂದ ಹೊಟ್ಟೆ ತುಂಬುವುದು ಅಲ್ಲೂ ಅಷ್ಟಕ್ಕಷ್ಟೇ ಇದ್ದಿರಬೇಕು, ಒಂದು ಸೌಂದರ್ಯ ಸಾಮಗ್ರಿಯ ಅಂಗಡಿಯನ್ನೂ ಇಟ್ಟಿದ್ದ. 1919ರಲ್ಲಿ ಗಂಡ ಹೆಂಡತಿ ಅಮೆರಿಕದ ಹಡಗು ಹತ್ತಿದರು. ಆಗ ಅವನಿಗೆ 35. ಮಾತನ್ನೇ ನಂಬಿ ಬದುಕಿದ್ದವನು ಮಾತಿಲ್ಲದ ಸಿನಿಮಾದ ಬಾಗಿಲಿಗೆ ಹೋಗಿ ನಿಂತ.

ಇಂಥವರ ಬಗ್ಗೆ ಸಿನಿಮಾ ಬಲ್ಲ ಗೆಳೆಯರಲ್ಲಿ ಒಂದು ಸಿದ್ಧ ಉತ್ತರ ಇರುತ್ತದೆ: “ಮೂಕಿ ಕಾಲದಲ್ಲಿ ನಡೀತು, ಮಾತಾಡುವ ಸಿನಿಮಾ, ಅಂದರೆ ಟಾಕಿ ಬಂತು, ಉಚ್ಚಾರ ಕೈಕೊಡ್ತು, ಊರಿಗೆ ವಾಪಸ್ ಹೋದರು.” ನಾನೂ ವರ್ಷಗಟ್ಟಲೆ ಇದನ್ನೇ ಗಿಣಿಪಾಠದ ಹಾಗೆ ಹೇಳಿಕೊಂಡು ತಿರುಗಿದ್ದೇನೆ. ಈಗ ನನಗೆ ಅದರಲ್ಲಿ ನಂಬಿಕೆ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ‘ಬಾಗ್ದಾದ್’ ಚಿತ್ರದ ಪಾತ್ರವರ್ಗವನ್ನೇ ನೋಡಿ. ಖಲೀಫನ ಮಗಳ ಕೈಹಿಡಿಯಲು ಮೂವರು ರಾಜಕುಮಾರರು ಬರುತ್ತಾರೆ. ಹಿಂದೂಸ್ಥಾನದ ರಾಜಕುಮಾರನಾಗಿ ನೋಬಲ್ ಜಾನ್ಸನ್, ಅಮೆರಿಕದ ಕರಿಯ ಜನಾಂಗದವನು. ಪರ್ಷಿಯಾದ ದಢೂತಿ ರಾಜಕುಮಾರನಾಗಿ ಮಟಿಲ್ಡ್ ಕೊಮಾಂ. ಹೌದು, ಹೆಂಗಸು, ಫ್ರಾನ್ಸಿನಿಂದ ಬಂದವಳು! ನಮ್ಮ ಕಂಪನಿ ನಾಟಕಗಳಲ್ಲಿ ಗಂಡಸರು ಸೀರೆ ಉಟ್ಟ ಕಥೆ ಗೊತ್ತು, ಇದು ಅದರ ತಿರುವುಮುರುವು. ಮಂಗೋಲನಾಗಿ ಜಪಾನಿನ ಸೋಜಿನ್. ನಾಯಕ ಕಳ್ಳನ ಜೊತೆಗಾರ ಕಳ್ಳನಾಗಿ ಸ್ನಿಟ್ಜ್ ಎಡ್ವರ್ಡ್ಸ್, ಹಂಗೇರಿಯ ಬುಡಾಪೆಸ್ಟಿನಲ್ಲಿ ಹುಟ್ಟಿದ ಗಿಡ್ಡ ಮನುಷ್ಯ. ರಾಜಕುಮಾರಿಯ ಮಂಗೋಲ್ ದಾಸಿಯಾಗಿ ಆನಾ ಮೇ ವಾಂಗ್. ಅವಳಂತೂ ವಲಸೆ ಬಂದವಳೇ ಅಲ್ಲ, ಲಾಸ್ ಏಂಜಲೀಸಿನಲ್ಲೇ ಹುಟ್ಟಿದವಳು. ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಖರ್ಚು ಮಾಡಿ ಎಬ್ಬಿಸಿದ ಆ ಸುಳ್ಳು ಬಾಗ್ದಾದಿನಲ್ಲಿ ಬಾಗ್ದಾದಿನವರನ್ನು ಬಿಟ್ಟು ಲೋಕದವರೆಲ್ಲ ಇದ್ದರು ಅನ್ನಬಹುದು. ತುಟಿ ಅಲ್ಲಾಡಿದರೆ ಸಾಕು, ಮಾತು ನಡುನಡುವೆ ಬರಹದ ಹಲಗೆಯಲ್ಲಿ ಬರುತ್ತದೆ. ಹಲಗೆ ಬದಲಾಯಿಸಿದರೆ ಅದೇ ಚಿತ್ರ ಸ್ಪೇನಿಗೂ ಹೋಗುತ್ತದೆ, ಜಪಾನಿಗೂ ಹೋಗುತ್ತದೆ.

ಸೋಜಿನ್‌ನ ಕೆಲಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಸತ್ತವರನ್ನೂ ಎಬ್ಬಿಸುವ ಮಂತ್ರದ ಸೇಬೊಂದು ರಾಜಕುಮಾರನ ಕೈಗೆ ಸಿಗುತ್ತದೆ. ನಿಜವೋ ಸುಳ್ಳೋ ನೋಡಬೇಕಲ್ಲ? ಒಬ್ಬ ಬಡ ಬೆಸ್ತನಿಗೆ ವಿಷ ಏರಿಸಿ ಪರೀಕ್ಷೆ ಮಾಡುತ್ತಾನೆ. ಈ ಜಾಗದಲ್ಲಿ ಬೇರೆ ಯಾವ ಖಳನಾದರೂ ಹಲ್ಲು ಕಚ್ಚುತ್ತಿದ್ದ, ಹುಬ್ಬು ಹಾರಿಸುತ್ತಿದ್ದ. ಇವನ ಮುಖದಲ್ಲಿರುವುದು ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವವನ ಆಸಕ್ತಿ, ಅದಕ್ಕಿಂತ ಒಂದು ಕಾಳು ಹೆಚ್ಚಿಲ್ಲ. ಸುತ್ತ ಮಹಡಿ ಮಹಡಿ ಎತ್ತರದ ಸೆಟ್ಟು, ನೂರಾರು ಜನ, ಎದುರಿಗೆ ಕೈಕಾಲು ಬೀಸಿ ಕುಣಿದಾಡುವ ಫೇರ್‌ಬ್ಯಾಂಕ್ಸ್. ಇಷ್ಟರ ನಡುವೆ ಒಬ್ಬ ಅಲುಗಾಡದೆ ನಿಂತರೆ ಕಣ್ಣು ತಾನಾಗಿ ಅವನ ಕಡೆಗೇ ಹೋಗುತ್ತದೆ. ಇನ್ನೊಂದು ವಿಷಯ. ಆ ಕಾಲದ ಬಹುಪಾಲು ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಬಳಿದರೆ ಕಪ್ಪಾಗಿ ಮೂಡುತ್ತಿತ್ತು, ನೀಲಿ ಬೆಳ್ಳಗಾಗುತ್ತಿತ್ತು. ಮುಖಕ್ಕೆ ಬಣ್ಣ ಹಚ್ಚುವುದೇ ಒಂದು ಲೆಕ್ಕಾಚಾರ. ಟೋಕಿಯೋದ ಆ ಅಂಗಡಿ ಇಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬಂದಿರಬಹುದು ಅಂತ ನನ್ನ ಊಹೆ.

ನಮ್ಮಲ್ಲಿ ‘ಪೋಷಕ ನಟ’ ಅಂತೀವಲ್ಲ, ನನಗೆ ಆ ಮಾತು ಇಷ್ಟ. ಇಡೀ ಚಿತ್ರಕ್ಕೆ ಅನ್ನ ಹಾಕಿ ಸಾಕುವವನು ಅವನೇ ಅನ್ನುವ ಹಾಗಿದೆ.

ಈಗ ತಾರೀಕುಗಳಿಗೆ ಬರೋಣ. ಚಿತ್ರ ನ್ಯೂಯಾರ್ಕಿನಲ್ಲಿ ತೆರೆಕಂಡದ್ದು 1924ರ ಮಾರ್ಚ್ 18ಕ್ಕೆ. ಜನ ಮುಗಿಬಿದ್ದು ನೋಡುತ್ತಿರುವಾಗಲೇ, ಮೇ 26ಕ್ಕೆ, ಅಧ್ಯಕ್ಷ ಕೂಲಿಡ್ಜ್ ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದರು. ಪೌರತ್ವಕ್ಕೆ ಅರ್ಹರಲ್ಲದವರು ವಲಸೆ ಬರುವ ಹಾಗಿಲ್ಲ ಅಂತ ಅದರಲ್ಲಿ ಬರೆದಿತ್ತು. ಯಾರು ಅರ್ಹರಲ್ಲ? ಅದು ಮೊದಲೇ ತೀರ್ಮಾನವಾಗಿತ್ತು. 1922ರ ನವೆಂಬರಿನಲ್ಲಿ ತಾಕಾವೊ ಒಝಾವಾ ಅನ್ನುವ ಜಪಾನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ‘ಬಿಳಿಯ ಅಂದರೆ ಕಕೇಷಿಯನ್ (ಆ ಕಾಲದ ಪುಸ್ತಕಗಳು ಹೇಳುತ್ತಿದ್ದ ಒಂದು ಜನಾಂಗ), ನೀನು ಅದಲ್ಲ’ ಎಂಬರ್ಥದ ತೀರ್ಪು ಕೊಟ್ಟಿತು. ಸುಮಾರು ಮೂರು ತಿಂಗಳಿಗೆ ನಮ್ಮ ಪಂಜಾಬಿನ ಭಗತ್ ಸಿಂಗ್ ಥಿಂಡ್, ಅಮೆರಿಕದ ಸೈನ್ಯದಲ್ಲೇ ದುಡಿದಿದ್ದವನು, ‘ಹಾಗಾದರೆ ನಾನು ಕಕೇಷಿಯನ್’ ಅಂತ ಹೋದ. ಅವನಿಗೆ ‘ಪುಸ್ತಕದ ಪ್ರಕಾರ ಇರಬಹುದು, ಸಾಮಾನ್ಯ ಜನ ನಿನ್ನನ್ನು ಬಿಳಿಯ ಅನ್ನುವುದಿಲ್ಲ’ ಎಂಬ ಉತ್ತರ ಸಿಕ್ಕಿತು. ಆಡಿದ್ದೇ ಆಟ, ಹೂಡಿದ್ದೇ ಲಗ್ಗೆ ಅನ್ನುತ್ತಾರಲ್ಲ, ಹಾಗೆ. ಸೋಜಿನ್ ಅಲ್ಲಿ ಎಷ್ಟು ವರ್ಷ ದುಡಿದರೂ ಅತಿಥಿಯೇ. ಟಾಕಿ ಬರುವುದಕ್ಕೆ ಇನ್ನೂ ಮೂರು ವರ್ಷ ಇತ್ತು.

ಕೆಲಸವೇನೋ ಸಿಗುತ್ತಲೇ ಹೋಯಿತು. ‘ದಿ ಸೀ ಬೀಸ್ಟ್’ನಲ್ಲಿ ಜಾನ್ ಬ್ಯಾರಿಮೋರ್ ಜೊತೆ, ‘ದಿ ರೋಡ್ ಟು ಮಾಂಡಲೇ’ಯಲ್ಲಿ ಲಾನ್ ಚಾನಿ ಜೊತೆ, ‘ದಿ ಬ್ಯಾಟ್’ನಲ್ಲಿ ಮನೆಯಾಳು. ಚೀನೀ ಸಾಹುಕಾರ, ಟಿಬೆಟಿನ ಲಾಮಾ, ಪರ್ಷಿಯಾದ ರಾಜಕುಮಾರ, ಏನು ಹೇಳಿದರೂ ಸೈ. ಪೂರ್ವ ದಿಕ್ಕಿನ ಯಾವ ಊರಿಗೆ ಬೇಕಾದರೂ ಅದೇ ಮುಖ ಸಾಕಾಗುತ್ತಿತ್ತು. 1927ರಲ್ಲಿ ಒಂದು ಅಪರೂಪದ ಅವಕಾಶ ಬಂತು. ಚಾರ್ಲಿ ಚಾನ್ ಅನ್ನುವ ಚೀನೀ ಪತ್ತೇದಾರನ ಪಾತ್ರ, ‘ದಿ ಚೈನೀಸ್ ಪ್ಯಾರಟ್’ ಚಿತ್ರದಲ್ಲಿ. ನಿರ್ದೇಶಕ ಪಾಲ್ ಲೆನಿ, ಅವನೂ ಜರ್ಮನಿಯಿಂದ ಬಂದವನು. ಖಳನಲ್ಲದ, ಬುದ್ಧಿವಂತ ಪಾತ್ರ. ಏನು ಮಾಡೋಣ, ಆ ಚಿತ್ರದ ಪ್ರತಿ ಎಲ್ಲೂ ಉಳಿದಿಲ್ಲ. ಕೆಲವು ಫೋಟೋಗಳಷ್ಟೇ ಇವೆ.

ಅದೇ 1927ರಲ್ಲಿ ಬಂದ ‘ಓಲ್ಡ್ ಸ್ಯಾನ್ ಫ್ರಾನ್ಸಿಸ್ಕೋ’ದಲ್ಲಿ ಸೋಜಿನ್ ಲೂ ಫಾಂಗ್ ಅನ್ನುವ ಚೀನೀ. ಅದರ ಖಳ, ಬಿಳಿಯನ ಸೋಗಿನಲ್ಲಿ ಬದುಕುವ ಇನ್ನೊಬ್ಬ ಚೀನೀ. ಆ ಪಾತ್ರ ಮಾಡಿದವನು ವಾರ್ನರ್ ಓಲಂಡ್, 1879ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಬಂದವನು. ಅಂದರೆ ಒಬ್ಬ ಬಿಳಿಯ, ಬಿಳಿಯನಾಗಿ ನಟಿಸುವ ಚೀನೀಯಾಗಿ ನಟಿಸುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಜಪಾನಿ ಚೀನೀಯಾಗಿದ್ದಾನೆ. ತಲೆ ತಿರುಗುತ್ತದೆ. ಅದನ್ನು ನಿರ್ದೇಶಿಸಿದ ಅಲನ್ ಕ್ರಾಸ್‌ಲೆಂಡನೇ ಅದೇ ವರ್ಷ ‘ದಿ ಜಾಝ್ ಸಿಂಗರ್’ ಮಾಡಿ ಟಾಕಿಯ ಬಾಗಿಲು ತೆಗೆದ. ಅದರಲ್ಲಿ ಓಲಂಡ್ ನಾಯಕನ ಅಪ್ಪ. ಮಗ ಅಮ್ಮನ ಮುಂದೆ ಹಾಡಿ ಹರಟುತ್ತಿರುವಾಗ ಅಪ್ಪ ಒಳಗೆ ಬಂದು ‘ಸ್ಟಾಪ್!’ ಅನ್ನುತ್ತಾನೆ. ಅಲ್ಲಿಗೆ ಮಾತು ನಿಂತು ಚಿತ್ರ ಮತ್ತೆ ಮೂಕಿಯಾಗುತ್ತದೆ.

1931ರಲ್ಲಿ ಫಾಕ್ಸ್ ಕಂಪನಿ ಚಾರ್ಲಿ ಚಾನ್ ಪಾತ್ರಕ್ಕೆ ತಂದದ್ದು ಈ ಓಲಂಡನನ್ನೇ. ಒಂದಲ್ಲ ಎರಡಲ್ಲ, 16 ಚಿತ್ರ. ಲೋಕದ ಕಣ್ಣಿಗೆ ಚಾರ್ಲಿ ಚಾನ್ ಅಂದರೆ ಆ ಸ್ವೀಡನ್ನಿನವನೇ ಆಗಿಹೋದ. 1935ರಿಂದ ಚಾನ್‌ನ ಮಗನ ಪಾತ್ರಕ್ಕೆ ಕೀ ಲ್ಯೂಕ್ ಬಂದ, ಅವನು ನಿಜವಾದ ಚೀನೀ ಮೂಲದವನು. ಮಗ ಚೀನೀ, ಅಪ್ಪ ಸ್ವೀಡಿಷ್.

ನ್ಯಾಯವಾಗಿ ಹೇಳಬೇಕೆಂದರೆ ಓಲಂಡನ ಇಂಗ್ಲಿಷ್ ಚೆನ್ನಾಗಿತ್ತು. 35 ದಾಟಿದ ಮೇಲೆ ಹೊಸ ಭಾಷೆಯಲ್ಲಿ ನಾಲಿಗೆ ತಿರುಗಿಸಿದ ಸೋಜಿನ್‌ನದು ಗಟ್ಟಿ ಜಪಾನಿ ಉಚ್ಚಾರ. ಆದರೆ ಚಾರ್ಲಿ ಚಾನ್ ಆಗಿ ಓಲಂಡ್ ಏನು ಮಾತಾಡಿದ? ಪದಗಳನ್ನು ನುಂಗಿ, ವ್ಯಾಕರಣ ಮುರಿದು, ನಿಂತು ನಿಂತು ಆಡುವ ಇಂಗ್ಲಿಷ್! ಪಾತ್ರಕ್ಕೆ ಬೇಕಾಗಿದ್ದೇ ಮುರುಕು ಮಾತು. ಚೆನ್ನಾಗಿ ಬರುವವನು ಬರದವನ ಹಾಗೆ ಆಡಿದರೆ ಅದು ನಟನೆ, ಬರದವನೇ ಆಡಿದರೆ ಅದು ದೋಷ. ಟಾಕಿಯ ಮೈಕು ಬರೀ ಮೈಕು. ಯಾರ ಬಾಯಿಯ ಮುಂದೆ ಹಿಡಿಯಬೇಕು ಅಂತ ತೀರ್ಮಾನ ಮಾಡಿದವರು ಬೇರೆ. ಹಾಗಂತ ಮೂಕಿ ಕಾಲ ಸ್ವರ್ಗವಾಗಿತ್ತು ಅಂತ ಹಲುಬುವವರ ಜೊತೆಗೂ ನಾನಿಲ್ಲ. ಆ ಮುಖ ಬೇಕಾಗಿದ್ದು ಬಾಯಿ ಬಿಡುವುದಿಲ್ಲ ಅನ್ನುವ ಕರಾರಿನ ಮೇಲೆ.

ಇದು ನನಗೆ ಯಾಕೆ ಇಷ್ಟು ಚುಚ್ಚುತ್ತದೆ ಅಂದರೆ, 2003ರಲ್ಲಿ ನಾನು ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ಹನ್ನೊಂದು ತಿಂಗಳು ಇದ್ದೆ. ಮೊದಲ ಮೂರು ವಾರ ಉಚ್ಚಾರ ತಿದ್ದುವ ತರಗತಿ. ಕೈಗೊಂದು ಪುಟ್ಟ ಕನ್ನಡಿ ಕೊಟ್ಟು ತುಟಿ ನೋಡಿಕೊಳ್ಳಿ ಅನ್ನುತ್ತಿದ್ದರು. ದ್ರಾಕ್ಷಿ ಬಳ್ಳಿ ಒಂದು ‘ವೈನ್’, ದ್ರಾಕ್ಷಿ ಮದ್ಯ ಇನ್ನೊಂದು ‘ವೈನ್’. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ನೋಡಿ, ಇಲ್ಲೇ ಗೊತ್ತಾಗುತ್ತೆ ನನ್ನ ಕಷ್ಟ. ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕೋ ತಾಗಬಾರದೋ ಅಂತ ರಾತ್ರಿ ಮೂರು ಗಂಟೆಗೆ ಕನ್ನಡಿ ಹಿಡಿದು ಪ್ರಾಕ್ಟೀಸು. ಹೆಸರನ್ನೂ ಬದಲಾಯಿಸಿ ‘ಕೆವಿನ್’ ಅಂದರು. ಸೋಜಿನ್‌ಗೆ ಮುಖ ಇತ್ತು, ದನಿ ಇರಲಿಲ್ಲ. ನಮಗೆ ದನಿ ಇತ್ತು, ಮುಖ ಇರಲಿಲ್ಲ. ಒಂದು ಸಲ ಆ ಕಡೆಯ ಅಜ್ಜಿಯೊಬ್ಬರು “ನಿನ್ನ ನಿಜವಾದ ಹೆಸರೇನಪ್ಪ?” ಅಂತ ಕೇಳಿದರು. ಹೇಳಿಬಿಟ್ಟೆ. ಕರೆ ರೆಕಾರ್ಡಾಗಿತ್ತು, ಮಾರನೆಯ ದಿನ ಮಂಗಳಾರತಿ ಆಯಿತು.

ಮಧ್ಯೆ ನಮ್ಮೂರ ಕಡೆಯ ಒಂದು ಸಂಗತಿ. ‘ಬಾಗ್ದಾದ್’ ತೆರೆಕಂಡ, ಆ ಕಾಯಿದೆ ಬಂದ 1924ರಲ್ಲೇ, ಜನವರಿಯಲ್ಲಿ, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಮಾವುತನ ಮನೆಯಲ್ಲಿ ಸಾಬು ಹುಟ್ಟಿದ. 1940ರಲ್ಲಿ ಅದೇ ಹೆಸರಿನ ಚಿತ್ರ ಮತ್ತೆ ಬಂದಾಗ ಅದರಲ್ಲಿ ಕಳ್ಳ ಹುಡುಗ ಅಬು ಆಗಿ ನಟಿಸಿದ್ದು ಈ ಹುಡುಗ. ಮಾತಾಡುವ ಚಿತ್ರ, ಬಣ್ಣದ ಚಿತ್ರ, ಅವನದೇ ದನಿ. 1944ರಲ್ಲಿ ಅಮೆರಿಕದ ಪೌರನೂ ಆದ, ಯುದ್ಧವಿಮಾನದಲ್ಲಿ ಗನ್ನರ್ ಆಗಿ ದುಡಿದ. ಆದರೂ ಕಾಡು, ಆನೆ, ಮುಂಡಾಸು ಅವನನ್ನು ಬಿಡಲಿಲ್ಲ. 39ಕ್ಕೆ ಹೃದಯಾಘಾತದಿಂದ ತೀರಿಕೊಂಡ. ಅವನ ಕಥೆ ಇನ್ನೊಂದು ದಿನಕ್ಕಿರಲಿ.

ಸೋಜಿನ್ 1929ರ ಕೊನೆಗೆ ಜಪಾನಿಗೆ ವಾಪಸಾದ. ‘ಊರಿಗೆ ಹೋದ, ಮುಗಿಯಿತು’ ಅನ್ನುವವರಿಗೆ ಇಲ್ಲೊಂದು ತಮಾಷೆ ಇದೆ. ಜಪಾನಿನಲ್ಲಿ ಮೂಕಿ ಚಿತ್ರ ಇನ್ನೂ ಸತ್ತಿರಲಿಲ್ಲ. ಅಲ್ಲಿ ಪರದೆಯ ಪಕ್ಕ ‘ಬೆಂಶಿ’ ಅನ್ನುವ ಕಥೆಗಾರ ನಿಂತು ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುತ್ತಿದ್ದ, ನಮ್ಮ ಭಾಗವತರ ಥರ. ಚಿತ್ರಕ್ಕಿಂತ ಬೆಂಶಿಯ ಹೆಸರಿಗೇ ಜನ ಸೇರುವುದಿತ್ತು. ಹಾಗಾಗಿ ಹಾಲಿವುಡ್ ಮೂಕಿಗೆ ಮಣ್ಣು ಹಾಕಿದ ಮೇಲೂ, 1931ರಲ್ಲಿ, ಸೋಜಿನ್ ಶೋಚಿಕು ಕಂಪನಿಯ ಮೂಕಿ ಚಿತ್ರವೊಂದರಲ್ಲಿ ದೊಡ್ಡ ಪಾತ್ರ ಮಾಡಿದ. ಆಮೇಲೆ ಟಾಕಿಗಳಲ್ಲೂ ಇದ್ದ, ಸಣ್ಣಪುಟ್ಟ ಪಾತ್ರಗಳಲ್ಲಿ.

ಜಪಾನಿನ ನಿರ್ದೇಶಕ ಕುರೊಸಾವಾನ ‘ಸೆವೆನ್ ಸಮುರಾಯ್’ ನಾನು ಮೂರು ಸಲ ನೋಡಿದ್ದೆ. ಅದರಲ್ಲಿ ಸೋಜಿನ್ ಇದ್ದಾನೆ ಅಂತ ಗೊತ್ತಾದದ್ದು ಹೋದ ವಾರ. ಮತ್ತೆ ಹಾಕಿದೆ. ಸಮುರಾಯ್‌ಗಳನ್ನು, ಅಂದರೆ ಕತ್ತಿ ಹಿಡಿಯುವ ಯೋಧರನ್ನು, ಹುಡುಕಿಕೊಂಡು ಪೇಟೆಗೆ ಬಂದ ಬಡ ರೈತರು ಕೂಲಿಗಳ ಜೊತೆ ಕೊಳಕು ಛತ್ರವೊಂದರಲ್ಲಿ ಬಿದ್ದುಕೊಂಡಿರುತ್ತಾರಲ್ಲ, ಅಲ್ಲಿ ಒಬ್ಬ ಕುರುಡ, ಬೀವಾ ಅನ್ನುವ ತಂತಿವಾದ್ಯ ನುಡಿಸುವವನು. ಚಿತ್ರ ಬಿಡುಗಡೆಯಾದದ್ದು 1954ರ ಏಪ್ರಿಲ್ 26ಕ್ಕೆ, ಸೋಜಿನ್ ತೀರಿಕೊಂಡದ್ದು ಅದೇ ಜುಲೈ 28ಕ್ಕೆ, 70ನೇ ವಯಸ್ಸಿನಲ್ಲಿ.

ಚಿತ್ರವನ್ನು ಅಲ್ಲೇ ನಿಲ್ಲಿಸಿ ಅಮ್ಮನನ್ನು ಕರೆದು ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿದಳು.

“ಯಾರು, ಆವತ್ತಿನ ಖದೀಮನಾ? ಕಣ್ಣು ಮುಚ್ಚಿಬಿಟ್ಟಿದಾನಲ್ಲೋ, ಹೇಗೆ ಗೊತ್ತಾಗಬೇಕು?” ಅಂದಳು. ಆಮೇಲೆ, “ಬಿಡು, ಮುಂದಕ್ಕೆ ಓಡಿಸು, ಏನು ನುಡಿಸ್ತಾನೆ ಕೇಳೋಣ.”