ಪಿನ್ನಿನ ಮೇಲೆ ಮಷೀನು ಓಡಿಸುವವರ ಜೊತೆ ಒಂದು ಜಗಳ

ನನ್ನ ಬಳಿ ಹೊಲಿಗೆ ಕಲಿಯಲು ಬರುವ ಹುಡುಗಿಯೊಬ್ಬಳು ಮೊನ್ನೆ ಮೊಬೈಲ್ ಹಿಡಿದುಕೊಂಡೇ ಒಳಗೆ ಬಂದಳು. "ಅಕ್ಕಾ, ಇಲ್ಲಿ ನೋಡಿ. ಇವರು ಪಿನ್ನು ತೆಗೆಯದೆಯೇ ಹೊಲಿಯುತ್ತಿದ್ದಾರೆ. ನೀವು ಮಾತ್ರ ಪ್ರತಿ ಪಿನ್ನಿಗೂ ಮಷೀನು ನಿಲ್ಲಿಸು ಎನ್ನುತ್ತೀರಿ." ವಿಡಿಯೊದಲ್ಲಿದ್ದವರು ಹೊಲಿಗೆಗೆ ಅಡ್ಡಲಾಗಿ ಸಾಲು ಪಿನ್ನು ಚುಚ್ಚಿ, ಮಷೀನಿನ ಸೂಜಿ ತಾನಾಗಿಯೇ ಪಕ್ಕಕ್ಕೆ ಜಾರಿಕೊಳ್ಳುತ್ತದೆ, ಹೆದರಬೇಡಿ ಎಂದು ಹೇಳುತ್ತ ಹದಿನೈದು ಪಿನ್ನುಗಳ ಮೇಲೆ ಬುಲ್ಡೋಜರ್ ಓಡಿಸಿದ ಹಾಗೆ ಓಡಿಸಿದರು. ಏನೂ ಆಗಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು.

ನಾನು ಕಪಾಟಿನಿಂದ ಹಳೆಯ ಕನ್ನಡಕ ತೆಗೆದು ಅವಳ ಕೈಗಿಟ್ಟೆ. ಎಡಗಣ್ಣಿನ ಗಾಜಿನಲ್ಲಿ ಸಾಸಿವೆ ಕಾಳಿನಷ್ಟು ಗಾಯ.

ಅದಾಗಿ ಆರೇಳು ವರ್ಷ. ಗೌರಿ ಹಬ್ಬಕ್ಕೆ ನಾಲ್ಕು ದಿನ ಬಾಕಿ, ಮೇಜಿನ ಮೇಲೆ ಒಂಬತ್ತು ರವಿಕೆ. ಕಾಲಿನಲ್ಲಿ ತುಳಿಯುತ್ತಿದ್ದ ಮಷೀನಿಗೆ ಹೊಸದಾಗಿ ಮೋಟಾರು ಹಾಕಿಸಿದ್ದೆ, ಅದರ ಓಟದ ಖುಷಿ ಬೇರೆ. ಆಗ ನಾನೂ ಪಿನ್ನಿನ ಮೇಲೆಯೇ ಹೊಲಿಯುವವಳು. ತೋಳು ಕೂಡಿಸುವಾಗ 'ಟಪ್' ಎಂದಿತು, ಕಣ್ಣಿನ ಮುಂದೆ ಏನೋ ಹಾರಿತು. ಸೂಜಿಯ ಅರ್ಧ ಭಾಗ ಮಷೀನಿನಲ್ಲೇ ಉಳಿದಿತ್ತು, ಮೊನೆ ಕನ್ನಡಕಕ್ಕೆ ಬಡಿದು ಎಲ್ಲಿಗೋ ಹೋಗಿತ್ತು. ಚಾಳೀಸು ಬಂದದ್ದಕ್ಕೆ ಆ ವರ್ಷವೆಲ್ಲ ಗೊಣಗಿದ್ದ ನಾನು ಅಂದಿನಿಂದ ಗೊಣಗುವುದನ್ನು ಬಿಟ್ಟೆ.

(ಗುಂಡುಸೂಜಿ ಎನ್ನಿ, ಉತ್ತರ ಕರ್ನಾಟಕದವರ ಹಾಗೆ ಟಾಚಣಿ ಎನ್ನಿ. ಮಷೀನಿನ ಸೂಜಿಯ ಜೊತೆ ಗೊಂದಲವಾಗದಿರಲಿ ಎಂದು ಇಲ್ಲಿ ಪಿನ್ನು ಎಂದೇ ಬರೆಯುತ್ತಿದ್ದೇನೆ.)

ಅಡ್ಡಲಾಗಿ ಚುಚ್ಚಿದ ಪಿನ್ನಿನಿಂದ ಸೂಜಿ ಜಾರಿಕೊಳ್ಳುತ್ತದೆ ಎಂಬುದು ಪೂರ್ತಿ ಸುಳ್ಳಲ್ಲ. ಪಿನ್ನು ಸಪೂರ, ದುಂಡಗಿನದು. ಹೆಚ್ಚಿನ ಸಲ ಸೂಜಿ ಅದರ ಆಚೆಗೋ ಈಚೆಗೋ ಇಳಿಯುತ್ತದೆ. ನೆತ್ತಿಯ ಮೇಲೆಯೇ ಇಳಿಯುವ ಆ ಒಂದು ಸಲದ್ದೇ ತಕರಾರು. ಅದು ಯಾವ ಪಿನ್ನು ಎಂದು ಮೊದಲೇ ಯಾರೂ ಹೇಳುವುದಿಲ್ಲ. ಮನೆಯ ಮೋಟಾರು ಮಷೀನು ನಿಮಿಷಕ್ಕೆ 700–800 ಹೊಲಿಗೆ ಹಾಕಬಲ್ಲದು, ಎಂದರೆ ಸೆಕೆಂಡಿಗೆ ಹನ್ನೆರಡು ಹದಿಮೂರು. ಒಂದೊಂದು ಹೊಲಿಗೆ ಎರಡೂವರೆ ಮಿಲಿಮೀಟರ್ ಎಂದುಕೊಂಡರೂ ಒಂದು ಸೆಕೆಂಡಿನಲ್ಲಿ ಇಂಚಿಗಿಂತ ಹೆಚ್ಚು ಬಟ್ಟೆ ಮಷೀನಿನ ಪಾದದ (ಸೂಜಿಯ ಬಳಿ ಬಟ್ಟೆಯನ್ನು ಅದುಮಿ ಹಿಡಿಯುವ ಲೋಹದ ಪಟ್ಟಿ) ಅಡಿಗೆ ಹೋಗಿರುತ್ತದೆ. ಪಿನ್ನು ಕಂಡಿತು, ಕೈ ಚಾಚಿದೆ ಎನ್ನುವಷ್ಟರಲ್ಲಿ ಅದು ಒಳಗೆ. ಇನ್ನೊಂದು ಅಪಾಯ, ಚಾಚಿದ ಬೆರಳೇ ಸೂಜಿಯ ಅಡಿಗೆ ಹೋಗುವುದು. ಅದಕ್ಕೇ ನಿಲ್ಲಿಸಿ ತೆಗೆ ಎನ್ನುವುದು.

ಸೂಜಿ ಮುರಿದರೆ ಕನಿಷ್ಠ ತಿಳಿಯುತ್ತದೆ. ಮುರಿಯದೆ ಕೂದಲೆಳೆಯಷ್ಟು ಬಾಗಿದಾಗಲೇ ನಿಜವಾದ ಕಾಟ. ಸೂಜಿ ಕೆಳಗಿಳಿದು ತುಸು ಮೇಲೇಳುವಾಗ ದಾರ ಕುಣಿಕೆಯಾಗಿ ಉಬ್ಬುತ್ತದೆ, ಆ ಕುಣಿಕೆಯನ್ನು ಶಟಲ್ಲಿನ (ಮಷೀನಿನ ಅಡಿಯಲ್ಲಿ, ಕೆಳದಾರದ ಬಾಬಿನ್ನಿನ ಸುತ್ತ ಆಡುವ ಕೊಕ್ಕೆ) ಮೊನೆ ಬಂದು ಹಿಡಿಯಬೇಕು. ಸೂಜಿಗೂ ಆ ಮೊನೆಗೂ ನಡುವಿನ ಅಂತರ ಹೆಚ್ಚೆಂದರೆ ಒಂದು ಕಾಗದದ ಹಾಳೆಯ ದಪ್ಪ. ಬಾಗಿದ ಸೂಜಿ ಒಂದೋ ಕುಣಿಕೆ ತಪ್ಪಿಸಿ ಹೊಲಿಗೆ ಬಿಟ್ಟುಬಿಟ್ಟು ಹೋಗುತ್ತದೆ, ಇಲ್ಲವೇ ಶಟಲ್ಲಿಗೇ ತಾಗಿ ಅದರ ಮೊನೆ ಕೆಡಿಸುತ್ತದೆ. ಮೊನೆ ಮೊಂಡಾದ ಸೂಜಿ ರೇಷ್ಮೆಯ ಎಳೆಯನ್ನು ಎಳೆದು ಗೆರೆ ಮೂಡಿಸುತ್ತದೆ. ಆಗ ನಾವು ದಾರವನ್ನು ಬೈಯುತ್ತೇವೆ, ಬಾಬಿನ್ನನ್ನು ಬೈಯುತ್ತೇವೆ, ಕೊನೆಗೆ ರಿಪೇರಿಯವನನ್ನು ಕರೆಯುತ್ತೇವೆ.

ಹಾಗೆಂದು ಪಿನ್ನೇ ಬೇಡ ಎನ್ನುವವಳಲ್ಲ ನಾನು. ಅಡಿಯ ಬಟ್ಟೆಯನ್ನು ಮಷೀನಿನ ಹಲ್ಲು ಎಳೆದುಕೊಂಡು ಹೋಗುತ್ತದೆ, ಮೇಲಿನದನ್ನು ಪಾದ ಅದುಮಿ ತಡೆಯುತ್ತದೆ. ಉದ್ದದ ಹೊಲಿಗೆಯಾದರೆ ಕೊನೆಗೆ ಬರುವಷ್ಟರಲ್ಲಿ ಮೇಲಿನ ಬಟ್ಟೆ ಮಿಕ್ಕು ನಿಂತಿರುತ್ತದೆ. ಜಾರುವ ಕ್ರೇಪ್ ಬಟ್ಟೆಗೆ, ಅಂಚಿಗೆ ಅಂಚು ಕೂಡಬೇಕಾದ ಕಡೆಗೆ ಪಿನ್ನು ಬೇಕೇ ಬೇಕು. ಪಿನ್ನಿನ ತಲೆ ಬಲಗಡೆ, ಬಟ್ಟೆಯ ಅಂಚಿನಿಂದ ಆಚೆಗೆ ಚಾಚಿಕೊಂಡಿರಲಿ, ಎಳೆದರೆ ಬರಬೇಕು. ಉದ್ದಕ್ಕೆ ಚುಚ್ಚುವ ಅಭ್ಯಾಸದವರಾದರೆ ತಲೆ ನಿಮ್ಮ ಕಡೆಗಿರಲಿ. ತಲೆಯೇ ಮೊದಲು ಪಾದದ ಅಡಿಗೆ ಹೋದರೆ ಎಳೆಯುವುದು ಯಾವುದನ್ನು? ಎಲ್ಲಕ್ಕಿಂತ ಮುಖ್ಯವಾಗಿ ಬಟ್ಟೆಯ ಅಡಿಭಾಗದಿಂದ ಪಿನ್ನು ಚುಚ್ಚಬೇಡಿ. ನನ್ನ ಕನ್ನಡಕದ ಗಾಯ ಅಂಥ ಒಂದು ಕಾಣದ ಪಿನ್ನಿನ ಕೊಡುಗೆ. ರೇಷ್ಮೆಗೆ ಸಪೂರ ಪಿನ್ನು, ಅದೂ ಹೊಲಿಗೆಯ ಒಳಗೆ ಮಡಚಿ ಹೋಗುವ ಅಂಚಿನಲ್ಲಿ ಮಾತ್ರ. ರೆಕ್ಸಿನ್‌ಗೆ ಪಿನ್ನು ಬೇಡವೇ ಬೇಡ, ತೂತು ಮುಚ್ಚುವುದಿಲ್ಲ, ಕ್ಲಿಪ್ಪು ಹಾಕಿ. ಪ್ಲಾಸ್ಟಿಕ್ ತಲೆಯ ಪಿನ್ನಿನ ಮೇಲೆ ಇಸ್ತ್ರಿ ಇಟ್ಟವರಿಗೆ ನಾನು ಹೇಳುವುದು ಏನೂ ಉಳಿದಿಲ್ಲ.

ತೆಗೆದು ತೆಗೆದು ಬೇಸರವಾಯಿತೇ? ಆಮೇಲೆ ಬಿಚ್ಚಿ ತೆಗೆಯುವ ಕಚ್ಚಾ ಹೊಲಿಗೆಯನ್ನು ಕೈಯಲ್ಲೇ ಹಾಕಿಕೊಳ್ಳಿ. ತೋಳು ಕೂಡಿಸಲು ನಾನು ಈಗ ಮಾಡುವುದು ಅದನ್ನೇ. ನಮ್ಮ ಬೀದಿಯ ಹಿರಿಯ ಟೈಲರ್ ಅಂತೂ ಪಿನ್ನನ್ನೇ ಮುಟ್ಟುವುದಿಲ್ಲ. ಕತ್ತರಿಸುವಾಗಲೇ ಅಂಚಿನಲ್ಲಿ ಸಣ್ಣ ಕಚ್ಚು ಹಾಕಿಟ್ಟುಕೊಂಡು, ಕಚ್ಚಿಗೆ ಕಚ್ಚು ಕೂಡಿಸಿ, ಬೆರಳಿನಲ್ಲೇ ಬಟ್ಟೆಯನ್ನು ಓಲೈಸಿಕೊಂಡು ಹೋಗುತ್ತಾರೆ. ನನಗೆ ಆ ಬೆರಳು ಬಂದಿಲ್ಲ.

ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿದವರನ್ನು ಕೇಳಿ ನೋಡಿ. ರಫ್ತಿಗೆ ಹೊಲಿಯುವ ಕಡೆ ಸೂಜಿ ಮುರಿದರೆ ಎಲ್ಲ ಚೂರುಗಳನ್ನೂ ಹುಡುಕಿ ಒಪ್ಪಿಸಬೇಕು, ಅವನ್ನು ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸುತ್ತಾರೆ, ಆಮೇಲೆಯೇ ಹೊಸ ಸೂಜಿ. ಚೂರು ಸಿಗದಿದ್ದರೆ ಸುತ್ತಲಿನ ಬಟ್ಟೆಯನ್ನೆಲ್ಲ ಲೋಹ ಪತ್ತೆ ಯಂತ್ರಕ್ಕೆ ಕೊಡುತ್ತಾರೆ. ದೂರದೇಶದ ಮಗುವಿನ ಅಂಗಿಗೆ ಇಷ್ಟು ಎಚ್ಚರ. ನಾವು ನಮ್ಮ ಮೊಮ್ಮಗುವಿನ ಕುಲಾವಿ ಹೊಲಿದು, ಪಿನ್ನು ಎಷ್ಟು ಚುಚ್ಚಿದೆವು ಎಂದು ಎಣಿಸುವುದೂ ಇಲ್ಲ.

ಪಿನ್ನು ಬಾಯಲ್ಲಿ ಕಚ್ಚಿಕೊಂಡು ಮಾತಾಡುವವರ ಬಗ್ಗೆ ಬರೆದರೆ ರಕ್ತದೊತ್ತಡ ಏರುತ್ತದೆ. ಒಂದು ಕೆಮ್ಮು, ಒಂದು ನಗು ಸಾಕು, ಉಸಿರಿನ ಜೊತೆ ಅದು ಶ್ವಾಸಕೋಶದ ದಾರಿ ಹಿಡಿಯುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತವೊಂದು ನನ್ನ ಮೇಜಿನ ಮೇಲಿದೆ, ತೆಗೆದ ಪಿನ್ನು ಅದರ ಕಡೆಗೆಸೆದರೆ ಸಾಕು. ಕೆಲಸ ಮುಗಿದ ಮೇಲೆ ಅದನ್ನೇ ನೆಲದ ಮೇಲೂ ಆಡಿಸುತ್ತೇನೆ. ನಾವು ಮನೆಯೊಳಗೆ ಬರಿಗಾಲಿನಲ್ಲಿ ಓಡಾಡುವ ಜನ. ಬಾಗಿದ್ದು, ತುಕ್ಕು ಹಿಡಿದದ್ದು ಮುಚ್ಚಳವಿರುವ ಮಾತ್ರೆ ಡಬ್ಬಿಗೆ ಹೋಗುತ್ತದೆ. ಕಸದ ಬುಟ್ಟಿಗೆ ಹಾಕಿದರೆ ಅದು ಚುಚ್ಚುವುದು ಪೌರಕಾರ್ಮಿಕರ ಕೈಗೆ.

ಹುಡುಗಿ ಕನ್ನಡಕ ವಾಪಸು ಕೊಟ್ಟಳು. ಅವತ್ತು ಇಪ್ಪತ್ತು ಪಿನ್ನು ಎಣಿಸಿಕೊಟ್ಟೆ, ಒಂದೊಂದಕ್ಕೂ ನಿಲ್ಲಿಸಿ ತೆಗೆದಳು, ಮುಖ ಮಾತ್ರ ಊದಿಸಿಕೊಂಡಿದ್ದಳು. ಕೊನೆಗೆ ಎಣಿಸಿದರೆ ಹತ್ತೊಂಬತ್ತು. ಇಬ್ಬರೂ ಮಷೀನು, ಚಾಪೆ, ರವಿಕೆ ಎಲ್ಲ ತಡಕಾಡಿ ಅರ್ಧ ಗಂಟೆ ಕಳೆದೆವು. ಇಪ್ಪತ್ತನೆಯದು ಸಿಕ್ಕಿದ್ದು ನನ್ನ ಸೆರಗಿನಲ್ಲಿ. ಮಾತಿನ ಭರದಲ್ಲಿ ನಾನೇ ಚುಚ್ಚಿಕೊಂಡಿದ್ದೆ.